ಎಪ್ಪತ್ತು ಸೆಂಟಿನ ಬಹುಮತ: ಮುನ್ಸೂಚನೆ ಮಾರುಕಟ್ಟೆಯ ಅಂಕಿಯನ್ನು ಓದುವ ಬಗೆ

2022ರ ನವೆಂಬರ್ 8ರಂದು ಅಮೆರಿಕದಲ್ಲಿ ಮಧ್ಯಾವಧಿ ಚುನಾವಣೆಯ ಮತದಾನ ಆರಂಭವಾಗುವ ಹೊತ್ತಿಗೆ, ಸಂಸತ್ತಿನ ಮೇಲ್ಮನೆಯಾದ ಸೆನೆಟ್ ರಿಪಬ್ಲಿಕನ್ನರ ಪಾಲಾಗುತ್ತದೆ ಎಂಬ ಕರಾರಿನ ಬೆಲೆ ಮುನ್ಸೂಚನೆ ಮಾರುಕಟ್ಟೆಗಳಲ್ಲಿ ಎಪ್ಪತ್ತು ಸೆಂಟಿನ ಆಸುಪಾಸಿನಲ್ಲಿತ್ತು. ನಾಲ್ಕು ದಿನ ಕಳೆದು ನೆವಾಡಾದ ಎಣಿಕೆ ಇತ್ಯರ್ಥವಾದಾಗ ಸೆನೆಟ್ ಡೆಮಾಕ್ರಟರ ಕೈಯಲ್ಲೇ ಉಳಿಯಿತು. ಮಾರುಕಟ್ಟೆ ಮುಗ್ಗರಿಸಿತು ಎಂದು ಕೆಲವರು ಬರೆದರು. ಎಪ್ಪತ್ತು ಎಂದರೆ ನೂರಲ್ಲವಲ್ಲ, ಮೂವತ್ತರ ಸಾಧ್ಯತೆಯೂ ಒಮ್ಮೊಮ್ಮೆ ನಿಜವಾಗುತ್ತದೆ ಎಂದು ಇನ್ನು ಕೆಲವರು ಸಮಜಾಯಿಷಿ ಕೊಟ್ಟರು. ಎರಡನೆಯ ಮಾತು ಗಣಿತದ ಮಟ್ಟಿಗೆ ಸರಿಯಾದರೂ ಅದನ್ನು ಅಲ್ಲಿಗೇ ಬಿಟ್ಟರೆ ಯಾವ ಅಂಕಿಯನ್ನೂ ಎಂದೂ ಪ್ರಶ್ನಿಸಲಾಗದು. ಆ ಎಪ್ಪತ್ತು ಎಲ್ಲಿಂದ ಬಂತು, ಅದರೊಳಗೆ ಏನೇನು ಸೇರಿತ್ತು ಎಂಬುದನ್ನು ಬಿಡಿಸಿ ನೋಡಿದರೆ ಮಾತ್ರ ಅದನ್ನು ಎಷ್ಟು ನಂಬಬೇಕಿತ್ತು ಎಂಬುದು ತಿಳಿಯುತ್ತದೆ.

ಮೊದಲಿಗೆ ಕರಾರಿನ ಸ್ವರೂಪ. ಮುನ್ಸೂಚನೆ ಮಾರುಕಟ್ಟೆಯಲ್ಲಿ ಬಿಕರಿಯಾಗುವುದು ಒಂದು ಪ್ರಶ್ನೆಗೆ ಕೊಡುವ 'ಹೌದು' ಅಥವಾ 'ಇಲ್ಲ' ಎಂಬ ಉತ್ತರ. ಘಟನೆ ನಡೆದರೆ 'ಹೌದು' ಷೇರು ಇಟ್ಟುಕೊಂಡವರಿಗೆ ಒಂದು ಡಾಲರ್ ಸಿಗುತ್ತದೆ, ನಡೆಯದಿದ್ದರೆ ಏನೂ ಇಲ್ಲ. ಎಪ್ಪತ್ತು ಸೆಂಟಿಗೆ ಕೊಂಡವನು ಗೆದ್ದರೆ ಮೂವತ್ತು ಸೆಂಟ್ ಲಾಭ, ಸೋತರೆ ಎಪ್ಪತ್ತು ಸೆಂಟ್ ನಷ್ಟ. ಆ ಘಟನೆ ಹತ್ತರಲ್ಲಿ ಏಳು ಸಲ ಆದೀತು ಎನ್ನಿಸಿದಾಗ ಈ ವ್ಯಾಪಾರದಲ್ಲಿ ಸರಾಸರಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದ್ದರಿಂದಲೇ ಬೆಲೆಯನ್ನು ಸಂಭವನೀಯತೆ ಎಂದು ಓದುವ ರೂಢಿ ಬಂದಿದೆ. ಮಂಡ್ಯ, ಹಾಸನದ ಕಡೆ ಮತದಾನ ಮುಗಿದ ಮೇಲೆ ಅರಳಿಕಟ್ಟೆಯಲ್ಲಿ ಟಗರನ್ನೋ ಟ್ರ್ಯಾಕ್ಟರನ್ನೋ ಪಣಕ್ಕಿಟ್ಟು ಕಟ್ಟುವ ಬಾಜಿ ಸಾಮಾನ್ಯವಾಗಿ ಸಮಸಮ: ನೀನು ಗೆದ್ದರೆ ನನ್ನದು, ನಾನು ಗೆದ್ದರೆ ನಿನ್ನದು. ಅಲ್ಲಿ ಯಾರು ಗೆಲ್ಲುತ್ತಾರೆ ಎಂಬ ಹಟ ಕಾಣುತ್ತದೆಯೇ ಹೊರತು ಎಷ್ಟರ ಮಟ್ಟಿಗೆ ನಂಬಿದ್ದಾರೆ ಎಂಬುದು ಕಾಣುವುದಿಲ್ಲ. ರಾಜಸ್ಥಾನದ ಫಲೋದಿಯ ಸಟ್ಟಾ ಬಜಾರಿನಲ್ಲಿ ನಂಬಿಕೆಯ ಪ್ರಮಾಣ ಕಾಣುತ್ತದೆ, ಆದರೆ ತಲೆಕೆಳಗಾಗಿ: ಗೆಲ್ಲುವ ಕುದುರೆಯ ಭಾವ ಕಡಿಮೆ, ಸೋಲುವವನದು ಹೆಚ್ಚು. ಒಂದು ರೂಪಾಯಿಗೆ ಇಪ್ಪತ್ತೈದು ಪೈಸೆ ಲಾಭ ಕೊಡುವ ಭಾವವೆಂದರೆ ಸರಿಸುಮಾರು ನೂರಕ್ಕೆ ಎಂಬತ್ತರ ಸಂಭವನೀಯತೆ. ಅಂದಹಾಗೆ ಅದು ಕಾನೂನುಬಾಹಿರ ದಂಧೆ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಕೂಡ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ತಂದು ನಿಷೇಧಿಸಿದೆ.

ಓದುಗರು ಎಡವುವ ಮೊದಲ ಜಾಗ ಇಲ್ಲೇ ಇದೆ. ಎಪ್ಪತ್ತು ಸೆಂಟ್ ಎಂದರೆ ಆ ಪಕ್ಷಕ್ಕೆ ನೂರಕ್ಕೆ ಎಪ್ಪತ್ತು ಮತ ಬೀಳುತ್ತದೆ ಎಂದಲ್ಲ. ಭಾರಿ ಅಂತರದಿಂದ ಗೆಲ್ಲುತ್ತದೆ ಎಂದೂ ಅಲ್ಲ. ಸಮೀಕ್ಷೆಯಲ್ಲಿ ಒಬ್ಬರು ಐವತ್ತೊಂದು, ಇನ್ನೊಬ್ಬರು ನಲವತ್ತೊಂಬತ್ತು ಇದ್ದಾಗ ಮೊದಲಿನವರ ಕರಾರು ಅರವತ್ತಕ್ಕೋ ಅರವತ್ತೈದಕ್ಕೋ ಬಿಕರಿಯಾಗುವುದು ಸಹಜ. ಕೂದಲೆಳೆಯ ಅಂತರವನ್ನು ಅಳೆಯುವುದು ಸಮೀಕ್ಷೆಯ ಕೆಲಸ, ಆ ಕೂದಲೆಳೆ ಯಾವ ಕಡೆ ಬಿದ್ದೀತು ಎಂಬುದರ ಭರವಸೆಯನ್ನು ಅಳೆಯುವುದು ಬೆಲೆಯ ಕೆಲಸ.

ಒಬ್ಬ ಅಭ್ಯರ್ಥಿಯ ಗೆಲುವಿಗಿಂತ ಶಾಸನಸಭೆಯ ಬಹುಮತ ಜಟಿಲವಾದ ಪ್ರಶ್ನೆ, ಏಕೆಂದರೆ ಅದು ಹಲವು ಕಣಗಳ ಫಲಿತಾಂಶಗಳ ಮೊತ್ತ. ಒಟ್ಟು ಮತಪ್ರಮಾಣ ಅದಕ್ಕೆ ಉತ್ತರ ಕೊಡುವುದಿಲ್ಲ ಎಂಬುದನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಿಲ್ಲ: 2018ರಲ್ಲಿ ಕರ್ನಾಟಕ ವಿಧಾನಸಭೆಗೆ ನಡೆದ ಚುನಾವಣೆಯಲ್ಲಿ ಕಾಂಗ್ರೆಸ್ ಶೇ 38ರಷ್ಟು ಮತ ಪಡೆದೂ ಎಂಬತ್ತರ ಆಸುಪಾಸಿನಲ್ಲಿ ನಿಂತಿತು, ಬಿಜೆಪಿ ಶೇ 36ರಷ್ಟು ಮತದಲ್ಲೇ 104 ಸ್ಥಾನ ಗೆದ್ದಿತು.

2022ರ ಸೆನೆಟ್ ಲೆಕ್ಕವನ್ನೇ ತೆಗೆದುಕೊಳ್ಳೋಣ. ನೂರು ಸ್ಥಾನಗಳ ಸದನದಲ್ಲಿ ಎರಡೂ ಕಡೆ ಐವತ್ತೈವತ್ತು. ಮತ ಸಮವಾದಾಗ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅವರ ಮತ ನಿರ್ಣಾಯಕವಾದ್ದರಿಂದ ಡೆಮಾಕ್ರಟರಿಗೆ ಐವತ್ತು ಸ್ಥಾನ ಸಿಕ್ಕರೂ ಸಾಕಿತ್ತು. ಆ ವರ್ಷ ಮೂವತ್ತೈದು ಸ್ಥಾನಗಳಿಗೆ ಚುನಾವಣೆ ನಡೆದರೂ ನಿಜಕ್ಕೂ ತೂಗುಯ್ಯಾಲೆಯಲ್ಲಿದ್ದವು ಎಂದು ಬಹುಪಾಲು ವೀಕ್ಷಕರು ಲೆಕ್ಕ ಹಾಕಿದ್ದು ನಾಲ್ಕನ್ನು: ಡೆಮಾಕ್ರಟರ ಕೈಯಲ್ಲಿದ್ದ ಅರಿಝೋನಾ, ಜಾರ್ಜಿಯಾ, ನೆವಾಡಾ ಮತ್ತು ರಿಪಬ್ಲಿಕನ್ನರ ಕೈಯಲ್ಲಿದ್ದ ಪೆನ್ಸಿಲ್ವೇನಿಯಾ. ಉಳಿದವು ಇದ್ದಲ್ಲೇ ಇರುತ್ತವೆ ಎಂದುಕೊಂಡರೆ ಡೆಮಾಕ್ರಟರ ಖಾತೆಯಲ್ಲಿ ನಲವತ್ತೇಳು. ಅಂದರೆ ನಾಲ್ಕರಲ್ಲಿ ಮೂರನ್ನಾದರೂ ಗೆಲ್ಲಬೇಕು. ರಿಪಬ್ಲಿಕನ್ನರಿಗೆ ಎರಡು ಸಾಕು.

ಈಗ ನಾಲ್ಕನ್ನೂ ನಾಣ್ಯದ ಚಿಮ್ಮುವಿಕೆ ಎಂದುಕೊಳ್ಳಿ, ಒಂದರ ಫಲಿತಾಂಶಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದುಕೊಳ್ಳಿ. ಹದಿನಾರು ಸಾಧ್ಯ ಫಲಿತಾಂಶಗಳಲ್ಲಿ ಡೆಮಾಕ್ರಟರು ಮೂರು ಅಥವಾ ನಾಲ್ಕನ್ನು ಗೆಲ್ಲುವಂಥವು ಐದು. ಹದಿನಾರರಲ್ಲಿ ಐದು ಎಂದರೆ ನೂರಕ್ಕೆ ಮೂವತ್ತೊಂದು. ರಿಪಬ್ಲಿಕನ್ನರಿಗೆ ಅರವತ್ತೊಂಬತ್ತು. ಯಾವ ರಾಜ್ಯದಲ್ಲೂ ಯಾರಿಗೂ ಮೇಲುಗೈ ಇಲ್ಲದೆಯೇ, ಬರೀ ಸ್ಥಾನಗಳ ಜೋಡಣೆಯಿಂದಲೇ, ಒಂದು ಪಕ್ಷ ಎಪ್ಪತ್ತರ ಹತ್ತಿರ ಬಂದು ನಿಂತಿತು.

ಆದರೆ ಚುನಾವಣೆಯ ನಾಣ್ಯಗಳು ಬೇರೆ ಬೇರೆಯಾಗಿ ಚಿಮ್ಮುವುದಿಲ್ಲ. ಹಣದುಬ್ಬರದ ಸಿಟ್ಟು ಪೆನ್ಸಿಲ್ವೇನಿಯಾದಲ್ಲಿ ಇದ್ದರೆ ನೆವಾಡಾದಲ್ಲೂ ಇರುತ್ತದೆ. ಆ ವರ್ಷದ ಜೂನ್‌ನಲ್ಲಿ ಗರ್ಭಪಾತದ ಹಕ್ಕಿನ ಕುರಿತು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಅಸಮಾಧಾನವೂ ಹಾಗೆಯೇ. ಸಮೀಕ್ಷೆಗಳು ಒಂದು ರಾಜ್ಯದಲ್ಲಿ ಒಂದು ಪಕ್ಷವನ್ನು ಕಡಿಮೆ ಅಂದಾಜಿಸಿದರೆ ಮಿಕ್ಕ ಕಡೆಯೂ ಅದನ್ನೇ ಮಾಡಿರುವ ಸಂಭವ ಹೆಚ್ಚು. ನಾಲ್ಕು ನಾಣ್ಯಗಳನ್ನೂ ಒಂದೇ ದಾರದಲ್ಲಿ ಬಿಗಿದಿದ್ದರೆ, ಅಂದರೆ ಬಿದ್ದರೆ ನಾಲ್ಕೂ ಒಂದೇ ಮಗ್ಗುಲಿಗೆ ಬೀಳುವಂತಿದ್ದರೆ, ಡೆಮಾಕ್ರಟರ ಸಾಧ್ಯತೆ ಮೂವತ್ತೊಂದರಿಂದ ನೇರವಾಗಿ ಐವತ್ತಕ್ಕೆ ಏರುತ್ತದೆ. ಒಂದೊಂದು ರಾಜ್ಯದ ಅಂದಾಜಿನಲ್ಲಿ ಕೂದಲಷ್ಟೂ ವ್ಯತ್ಯಾಸವಾಗಿಲ್ಲ. ಅವುಗಳ ನಡುವಿನ ನಂಟು ಬದಲಾಗಿದೆ, ಅಷ್ಟೇ. ನಿಜವಾದ ಲೋಕ ಈ ಎರಡು ತುದಿಗಳ ನಡುವೆ ಎಲ್ಲೋ ಇದೆ. ಅರ್ಧ ಸಂದರ್ಭಗಳಲ್ಲಿ ಬಿಗಿದ ನಾಣ್ಯ, ಅರ್ಧ ಸಂದರ್ಭಗಳಲ್ಲಿ ಬಿಡಿ ನಾಣ್ಯ ಎಂದು ಒರಟಾಗಿ ಸರಾಸರಿ ತೆಗೆದರೆ ಡೆಮಾಕ್ರಟರಿಗೆ ನಲವತ್ತೊಂದರ ಹತ್ತಿರ ಬರುತ್ತದೆ. ಸಮೀಕ್ಷೆಗಳನ್ನು ಆಧರಿಸಿ ಮಾದರಿ ಕಟ್ಟುತ್ತಿದ್ದ ಫೈವ್‌ಥರ್ಟಿಏಟ್ ತಾಣದ ಕೊನೆಯ ಅಂದಾಜು ಡೆಮಾಕ್ರಟರಿಗೆ 41, ರಿಪಬ್ಲಿಕನ್ನರಿಗೆ 59. ನನ್ನ ಒರಟು ಲೆಕ್ಕ ಅದಕ್ಕೆ ಹೊಂದಿದ್ದು ಕಾಕತಾಳೀಯ. ಅವರ ಮಾದರಿಯಲ್ಲಿ ಅರಿಝೋನಾ ಡೆಮಾಕ್ರಟರ ಕಡೆ ವಾಲಿತ್ತು, ಬೇರೆ ರಾಜ್ಯಗಳ ತೂಕ ಬೇರೆಯಿತ್ತು. ಆದರೂ ಬಹುಮತದ ಅಂಕಿಯನ್ನು ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ ಯಾವುದೆಂದು ಈ ಲೆಕ್ಕ ತೋರಿಸುತ್ತದೆ: ಕಣಗಳು ಒಟ್ಟಿಗೆ ಚಲಿಸುತ್ತವೆ ಎಂದು ಈ ಬೆಲೆ ಎಷ್ಟರ ಮಟ್ಟಿಗೆ ಒಪ್ಪಿಕೊಂಡಿದೆ?

ಮಾದರಿಗೂ ಮಾರುಕಟ್ಟೆಗೂ ನಡುವೆ ಹತ್ತು ಅಂಶಗಳಷ್ಟು ಅಂತರ ಏಕೆ ಬಂತು? ಮುಖ್ಯ ಕಾರಣ ಹಿಂದಿನ ಚುನಾವಣೆಗಳ ನೆನಪು ಎಂದು ನನ್ನ ಅಭಿಪ್ರಾಯ. 2016 ಮತ್ತು 2020ರಲ್ಲಿ ಸಮೀಕ್ಷೆಗಳು ರಿಪಬ್ಲಿಕನ್ನರ ಮತವನ್ನು ಕಡಿಮೆ ಅಂದಾಜಿಸಿದ್ದವು. ಮೂರನೆಯ ಸಲವೂ ಹಾಗೆಯೇ ಆದೀತೆಂದು ಎಣಿಸಿ ಹೂಡಿಕೆದಾರರು ಸಮೀಕ್ಷೆಯ ಅಂಕಿಯ ಮೇಲೆ ತಾವೇ ಎರಡು ಮೂರು ಅಂಶಗಳನ್ನು ಸೇರಿಸಿಕೊಂಡರು. ಪೆನ್ಸಿಲ್ವೇನಿಯಾ ಇದರ ಒಳ್ಳೆಯ ನಿದರ್ಶನ. ಡೆಮಾಕ್ರಟಿಕ್ ಅಭ್ಯರ್ಥಿ ಜಾನ್ ಫೆಟರ್‌ಮನ್ ಅವರಿಗೆ ಮೇ ತಿಂಗಳಲ್ಲಿ ಪಾರ್ಶ್ವವಾಯು ತಗುಲಿತ್ತು. ಅಕ್ಟೋಬರ್ 25ರಂದು ರಿಪಬ್ಲಿಕನ್ ಅಭ್ಯರ್ಥಿ ಮೆಹ್ಮೆತ್ ಓಝ್ ಅವರೊಂದಿಗಿನ ಟೀವಿ ಚರ್ಚೆಯಲ್ಲಿ ಅವರು ಮಾತಿಗಾಗಿ ತಡವರಿಸಿದ್ದನ್ನು ದೇಶವೆಲ್ಲ ನೋಡಿತು. ಓಝ್ ಕರಾರಿನ ಬೆಲೆ ಏರಿತು. ಚರ್ಚೆ ನೋಡಿದವರ ಕಣ್ಣಿಗೆ ಅದು ಸರಿಯಾಗಿಯೇ ಕಂಡಿರಬೇಕು. ಆದರೆ ಚರ್ಚೆಯನ್ನು ನೋಡಿ ಷೇರು ಕೊಳ್ಳುವವರೂ ಪೆನ್ಸಿಲ್ವೇನಿಯಾದ ಮತದಾರರೂ ಒಂದೇ ಜನವಲ್ಲ. ಫೆಟರ್‌ಮನ್ ಸುಮಾರು ಐದು ಶೇಕಡಾ ಅಂಶಗಳ ಅಂತರದಿಂದ ಗೆದ್ದರು.

ಮಾರುಕಟ್ಟೆ ಎಂದರೆ ಸಾವಿರಾರು ಜನರ ಸಾಮೂಹಿಕ ವಿವೇಕ ಎಂಬ ಮಾತು ಕೇಳಲು ಚೆಂದ. ಆ ವಿವೇಕ ಕೆಲಸ ಮಾಡಬೇಕಾದರೆ ಜನರ ತಪ್ಪುಗಳು ಬೇರೆ ಬೇರೆ ದಿಕ್ಕಿನವಾಗಿದ್ದು ಒಂದನ್ನೊಂದು ಕಳೆಯಬೇಕು. ಎಲ್ಲರೂ ಒಂದೇ ಸಮೀಕ್ಷೆ ಓದಿ, ಒಂದೇ ಹಳೆಯ ಗಾಯವನ್ನು ನೆನೆದು, ಒಂದೇ ದಿಕ್ಕಿಗೆ ತಿದ್ದುಪಡಿ ಮಾಡಿಕೊಂಡರೆ ಸಾವಿರ ಜನರ ಅಭಿಪ್ರಾಯ ಹತ್ತು ಜನರ ಅಭಿಪ್ರಾಯಕ್ಕಿಂತ ಬೆಲೆಯುಳ್ಳದ್ದೇನೂ ಆಗುವುದಿಲ್ಲ.

ತಪ್ಪು ಬೆಲೆ ಕಂಡರೆ ಜಾಣರು ಬಂದು ಸರಿಪಡಿಸುತ್ತಾರಲ್ಲ ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ ಮಾರುಕಟ್ಟೆಯ ನಿಯಮಪುಸ್ತಕದಲ್ಲಿದೆ. ಆಗ ಅಮೆರಿಕದಲ್ಲಿ ಹೆಚ್ಚು ಉಲ್ಲೇಖವಾಗುತ್ತಿದ್ದ ಪ್ರೆಡಿಕ್ಟ್‌ಇಟ್ ಎಂಬ ಮಾರುಕಟ್ಟೆ ನ್ಯೂಜಿಲೆಂಡಿನ ವೆಲಿಂಗ್ಟನ್‌ನ ವಿಕ್ಟೋರಿಯಾ ವಿಶ್ವವಿದ್ಯಾಲಯದ ಹೆಸರಿನಲ್ಲಿ 2014ರಿಂದ ಸಂಶೋಧನೆಯ ವಿನಾಯಿತಿ ಪಡೆದು ನಡೆಯುತ್ತಿತ್ತು. ಒಬ್ಬರು ಒಂದು ಕರಾರಿನಲ್ಲಿ 850 ಡಾಲರಿಗಿಂತ ಹೆಚ್ಚು ಹೂಡುವಂತಿರಲಿಲ್ಲ. ಒಂದು ಕರಾರಿನಲ್ಲಿ 5,000ಕ್ಕಿಂತ ಹೆಚ್ಚು ಜನ ಇರುವಂತಿರಲಿಲ್ಲ. ಗೆದ್ದ ಲಾಭದಲ್ಲಿ ನೂರಕ್ಕೆ ಹತ್ತು ಶುಲ್ಕ, ಹಣ ಹಿಂತೆಗೆಯುವಾಗ ನೂರಕ್ಕೆ ಐದು. ಈ ಶುಲ್ಕ ಬೆಲೆಗೆ ಏನು ಮಾಡುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಎಪ್ಪತ್ತು ಸೆಂಟಿಗೆ 'ಹೌದು' ಕೊಂಡು ಗೆದ್ದರೆ ಮೂವತ್ತರ ಲಾಭದಲ್ಲಿ ಮೂರು ಸೆಂಟ್ ಕಳೆದು ಕೈಗೆ ಬರುವುದು ತೊಂಬತ್ತೇಳು. ಆದ್ದರಿಂದ ನಿಜವಾದ ಸಂಭವನೀಯತೆ ಎಪ್ಪತ್ತೆರಡನ್ನು ದಾಟದ ಹೊರತು ಕೊಳ್ಳುವುದರಲ್ಲಿ ಲಾಭವಿಲ್ಲ. ಮೂವತ್ತು ಸೆಂಟಿಗೆ 'ಇಲ್ಲ' ಕೊಂಡವನಿಗೆ ಗೆದ್ದಾಗ ತೊಂಬತ್ತಮೂರು ಸಿಗುವುದರಿಂದ, ಅವನಿಗೆ ಲಾಭ ಬರಬೇಕಾದರೆ 'ಹೌದು' ಆಗುವ ಸಂಭವ ಅರವತ್ತೆಂಟಕ್ಕಿಂತ ಕೆಳಗಿರಬೇಕು. ಅಂದರೆ ನಿಜವಾದ ಸಂಭವನೀಯತೆ ಅರವತ್ತೆಂಟರಿಂದ ಎಪ್ಪತ್ತೆರಡರೊಳಗೆ ಇದ್ದರೆ, ಬೆಲೆ ತಪ್ಪಿದೆ ಎಂದು ಗೊತ್ತಿದ್ದವನೂ ಸುಮ್ಮನೆ ಕೂರುತ್ತಾನೆ. ಹಿಂತೆಗೆತದ ಶುಲ್ಕವನ್ನೂ ಸೇರಿಸಿಕೊಂಡರೆ ಈ ನಿಷ್ಕ್ರಿಯ ಪಟ್ಟಿ ಇನ್ನೂ ಅಗಲವಾಗುತ್ತದೆ. ಪಟ್ಟಿಯಾಚೆ ಇದ್ದವನಿಗೂ 850 ಡಾಲರಿನ ಬೇಲಿ ಇದ್ದೇ ಇದೆ. ಹೀಗಿರುವಾಗ ಎಪ್ಪತ್ತು ಎಪ್ಪತ್ತೊಂದಾಯಿತು ಎಂದು ಸುದ್ದಿ ಮಾಡುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಬೆಲೆ ಒಂದೆರಡು ಸೆಂಟ್ ಜರುಗುವುದಕ್ಕೆ ಸುದ್ದಿಯೇ ಬೇಕಾಗಿಲ್ಲ. ಉದಾಹರಣೆಗೆ ಮಾರುವವರ ಸಾಲಿನಲ್ಲಿ 71 ಸೆಂಟಿಗೆ 250 ಷೇರು, 72 ಸೆಂಟಿಗೆ 1,100 ಷೇರು ಇವೆ ಎಂದುಕೊಳ್ಳಿ. ಕೊಳ್ಳುವವರ ಸಾಲಿನ ತುದಿಯಲ್ಲಿ 69 ಸೆಂಟಿಗೆ 400. ಕೊನೆಯ ವಹಿವಾಟು 69ಕ್ಕೆ ಆಗಿದ್ದರೆ ಪರದೆಯ ಮೇಲೆ ಕಾಣುವುದು 69. ಅಷ್ಟರಲ್ಲಿ ಒಬ್ಬನಿಗೆ ಐನೂರು ಷೇರು ಬೇಕಾಯಿತು. ಮೊದಲ 250 ಷೇರನ್ನು 71ಕ್ಕೆ, ಉಳಿದ 250ನ್ನು 72ಕ್ಕೆ ಕೊಂಡ. ಒಟ್ಟು ಖರ್ಚು 357 ಡಾಲರ್ 50 ಸೆಂಟ್. ಪರದೆ ಈಗ 72 ತೋರಿಸುತ್ತದೆ. ದೇಶದ ರಾಜಕೀಯದಲ್ಲಿ ಏನೂ ಬದಲಾಗಿಲ್ಲ. ನಾಲ್ಕು ಜನರ ಕುಟುಂಬದ ಒಂದು ವಾರದ ದಿನಸಿಯಷ್ಟು ಹಣ ಕೈ ಬದಲಾಯಿಸಿದೆ. ಆದ್ದರಿಂದ ಕೊನೆಯ ವಹಿವಾಟಿನ ಬೆಲೆಗಿಂತ ಕೊಳ್ಳುವ ಮತ್ತು ಮಾರುವ ಸಾಲುಗಳ ನಡುವಿನ ಅಂತರವನ್ನೂ, ಆ ಸಾಲುಗಳಲ್ಲಿ ಎಷ್ಟು ಷೇರು ನಿಂತಿವೆ ಎಂಬುದನ್ನೂ ನೋಡುವುದು ಮೇಲು.

ಮಿತಿಯಿಲ್ಲದ ಮಾರುಕಟ್ಟೆಗಳಲ್ಲಿ ಈ ತೊಂದರೆ ಬೇರೊಂದು ರೂಪ ತಾಳುತ್ತದೆ. ಕ್ರಿಪ್ಟೊ ಹಣದಲ್ಲಿ ನಡೆಯುವ ಪಾಲಿಮಾರ್ಕೆಟ್ 2022ರ ಜನವರಿಯಲ್ಲಿ ಅಮೆರಿಕದ ವಾಯಿದಾ ವಹಿವಾಟಿನ ನಿಯಂತ್ರಕ ಸಂಸ್ಥೆಯಾದ ಸಿಎಫ್‌ಟಿಸಿಗೆ 14 ಲಕ್ಷ ಡಾಲರ್ ದಂಡ ಕಟ್ಟಿ ಅಮೆರಿಕದ ಬಳಕೆದಾರರಿಗೆ ಬಾಗಿಲು ಮುಚ್ಚಬೇಕಾಯಿತು. ಅಂದರೆ ಆ ವರ್ಷದ ಸೆನೆಟ್ ಬಗ್ಗೆ ಅಲ್ಲಿ ಬೆಲೆ ಕಟ್ಟುತ್ತಿದ್ದವರು, ಕಾಗದದ ಮೇಲಾದರೂ, ಆ ದೇಶದ ಹೊರಗಿನವರು. 2024ರ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ರಾನ್ಸಿನ ಒಬ್ಬನೇ ವ್ಯಕ್ತಿ ಹಲವು ಖಾತೆಗಳ ಮೂಲಕ ಅಲ್ಲಿ ಕೋಟಿಗಟ್ಟಲೆ ಡಾಲರ್ ಹೂಡಿದ್ದ. ಆತ ಬಾಜಿ ಗೆದ್ದ. ಗೆಲುವಿನಿಂದ ಅವನ ವಿಶ್ಲೇಷಣೆ ಸರಿಯಿತ್ತೆಂದು ಹೇಳಬಹುದೇನೋ; ಬೆಲೆ ಬಹುಜನರ ಅಭಿಪ್ರಾಯವಾಗಿತ್ತೆಂದು ಹೇಳಲಾಗದು. ಕಾಲ್ಶಿ ಎಂಬ ಇನ್ನೊಂದು ಸಂಸ್ಥೆ ಸಂಸತ್ತಿನ ಎರಡೂ ಸದನಗಳ ಬಹುಮತದ ಮೇಲೆಯೇ ಕರಾರು ತರಲು ಹೊರಟಾಗ ಸಿಎಫ್‌ಟಿಸಿ 2023ರ ಸೆಪ್ಟೆಂಬರ್‌ನಲ್ಲಿ ನಿರಾಕರಿಸಿತು. ಒಂದು ವರ್ಷದ ಬಳಿಕ ವಾಷಿಂಗ್ಟನ್‌ನ ಜಿಲ್ಲಾ ನ್ಯಾಯಾಲಯ ಸಂಸ್ಥೆಯ ಪರ ತೀರ್ಪಿತ್ತಿತು, ಮೇಲ್ಮನವಿ ನ್ಯಾಯಾಲಯ ತಡೆ ಕೊಡಲು ಒಪ್ಪಲಿಲ್ಲ, ಹೀಗೆ ಅಕ್ಟೋಬರ್‌ನಲ್ಲಿ ಕಾನೂನಿನ ಬೆಳಕಿನಲ್ಲೇ ಈ ವ್ಯಾಪಾರ ಆರಂಭವಾಯಿತು.

ಮಾರುಕಟ್ಟೆಯ ದೌರ್ಬಲ್ಯವನ್ನೇ ಹೇಳುತ್ತ ಹೋಗುವುದು ನ್ಯಾಯವಲ್ಲ. ಅದು ನಿಜಕ್ಕೂ ಮಿಂಚುವುದು ಎಣಿಕೆಯ ರಾತ್ರಿಗಳಲ್ಲಿ. ನೆವಾಡಾದಲ್ಲಿ ಚುನಾವಣೆಯ ದಿನದೊಳಗೆ ಅಂಚೆ ಮುದ್ರೆ ಬಿದ್ದ ಮತಪತ್ರ ನಾಲ್ಕು ದಿನ ತಡವಾಗಿ ತಲುಪಿದರೂ ಎಣಿಕೆಗೆ ಅರ್ಹ. ನವೆಂಬರ್ 9ರಂದು ರಿಪಬ್ಲಿಕನ್ ಅಭ್ಯರ್ಥಿ ಆಡಂ ಲ್ಯಾಕ್ಸಾಲ್ಟ್ ಮುಂದಿದ್ದರು. ಟೀವಿಯ ಪಟ್ಟಿಯಲ್ಲಿ ಅವರ ಹೆಸರೇ ಮೇಲೆ. ಆದರೆ ಎಣಿಸದೆ ಉಳಿದ ಮತಗಳಲ್ಲಿ ಹೆಚ್ಚಿನವು ಲಾಸ್ ವೇಗಸ್ ಇರುವ ಕ್ಲಾರ್ಕ್ ಕೌಂಟಿ ಮತ್ತು ರೀನೊ ಇರುವ ವಾಶೊ ಕೌಂಟಿಯ ಅಂಚೆ ಮತಗಳು. ಅವು ಕಂತು ಕಂತಾಗಿ ಹೊರಬರುತ್ತಿದ್ದಂತೆ ಪ್ರತಿ ಕಂತಿನಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಕ್ಯಾಥರೀನ್ ಕೋರ್ಟೆಝ್ ಮಾಸ್ಟೊ ಅವರಿಗೆ ಎಷ್ಟು ಪಾಲು ಸಿಕ್ಕಿತು, ಉಳಿದ ಮತಗಳಲ್ಲಿ ಎಷ್ಟು ಸಿಕ್ಕರೆ ಅವರು ದಾಟುತ್ತಾರೆ ಎಂದು ಲೆಕ್ಕ ಹಾಕುವುದು ಕಷ್ಟದ ಕೆಲಸವಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಕೂತು ಅದನ್ನು ಮಾಡುವುದಕ್ಕೆ ಕಾರಣ ಬೇಕು. ಹಣ ಆ ಕಾರಣ ಒದಗಿಸುತ್ತದೆ. ಲ್ಯಾಕ್ಸಾಲ್ಟ್ ಇನ್ನೂ ಮುಂದಿದ್ದಾಗಲೇ ಬೆಲೆ ಕೋರ್ಟೆಝ್ ಮಾಸ್ಟೊ ಕಡೆ ತಿರುಗಿತ್ತು. ನವೆಂಬರ್ 12ರಂದು ಅವರು ದಾಟಿದರು. ಅಂತಿಮ ಅಂತರ ಎಂಟು ಸಾವಿರ ಮತಗಳಿಗಿಂತ ಕಡಿಮೆ.

ಇನ್ನು ಎಪ್ಪತ್ತು ಸರಿಯೋ ತಪ್ಪೋ ಎಂಬ ಪ್ರಶ್ನೆ. ಹವಾಮಾನ ಮುನ್ಸೂಚನೆಯನ್ನು ಅಳೆಯಲು ಗ್ಲೆನ್ ಬ್ರಯರ್ 1950ರಲ್ಲಿ ಸೂಚಿಸಿದ ಅಳತೆಗೋಲು ಇಲ್ಲಿಯೂ ಬಳಕೆಯಲ್ಲಿದೆ: ಹೇಳಿದ ಸಂಭವನೀಯತೆಗೂ ಆದದ್ದಕ್ಕೂ ಇರುವ ವ್ಯತ್ಯಾಸದ ವರ್ಗ. ಆಗದೆ ಹೋದ ಘಟನೆಗೆ 0.70 ಎಂದವರ ಅಂಕ 0.49, 0.59 ಎಂದವರದು 0.35ರ ಹತ್ತಿರ, ಏನೂ ತಿಳಿಯದೆ 0.50 ಎಂದವರದು 0.25. ಈ ಅಂಕ ಕಡಿಮೆಯಿದ್ದಷ್ಟೂ ಒಳ್ಳೆಯದು. ಹಾಗಾದರೆ ಏನೂ ತಿಳಿಯದವನೇ ಗೆದ್ದ ಎಂದು ತೀರ್ಮಾನಿಸುವುದು ಹಾಸ್ಯಾಸ್ಪದ. ಈ ಅಳತೆ ಅರ್ಥ ಪಡೆಯುವುದು ನೂರಾರು ಪ್ರಶ್ನೆಗಳ ಮೇಲೆ ಸರಾಸರಿ ತೆಗೆದಾಗ, ಎಪ್ಪತ್ತು ಎಂದವುಗಳಲ್ಲಿ ಎಪ್ಪತ್ತರಷ್ಟು ನಿಜವಾದವೇ ಎಂದು ಪರೀಕ್ಷಿಸಿದಾಗ. ಸೆನೆಟ್ ಚುನಾವಣೆ ನಡೆಯುವುದು ಎರಡು ವರ್ಷಕ್ಕೊಮ್ಮೆ. ಅಯೋವಾ ವಿಶ್ವವಿದ್ಯಾಲಯದ ಎಲೆಕ್ಟ್ರಾನಿಕ್ ಮುನ್ಸೂಚನೆ ಮಾರುಕಟ್ಟೆ ಶುರುವಾದದ್ದೇ 1988ರಲ್ಲಿ. ಅಲ್ಲಿಂದ ಇಂದಿನವರೆಗೆ ಎಲ್ಲ ಸೇರಿಸಿದರೂ ಬಹುಮತದ ಪ್ರಶ್ನೆಗಳು ಬೆರಳೆಣಿಕೆಯವೇ. ಅದೇ ಚುನಾವಣೆಯ ಬೇರೆ ಬೇರೆ ರಾಜ್ಯಗಳ ಕರಾರುಗಳನ್ನು ಸೇರಿಸಿ ಎಣಿಕೆ ಹೆಚ್ಚಿಸಿಕೊಳ್ಳಬಹುದು ಎನ್ನುವವರು ಬಿಗಿದ ನಾಣ್ಯಗಳನ್ನು ಮರೆಯುತ್ತಾರೆ. ಒಟ್ಟಿಗೆ ತಪ್ಪಿದ ನಾಲ್ಕು ಉತ್ತರಗಳು ನಾಲ್ಕು ಸಾಕ್ಷಿಗಳಲ್ಲ.

ಕೊನೆಯದಾಗಿ, ಬೆಲೆ ಎಷ್ಟೇ ನಿಖರವಾಗಿದ್ದರೂ ಅದು ಉತ್ತರಿಸುವುದು ಕರಾರಿನಲ್ಲಿ ಬರೆದ ಪ್ರಶ್ನೆಗೆ ಮಾತ್ರ. ಕೆಳಮನೆ ರಿಪಬ್ಲಿಕನ್ನರಿಗೆ, ಸೆನೆಟ್ ಡೆಮಾಕ್ರಟರಿಗೆ ಎಂಬ ಜೋಡಿ ಫಲಿತಾಂಶದ ಕರಾರು ಬೇರೆ, ಸೆನೆಟ್ ಒಂದರ ಕರಾರು ಬೇರೆ. ಎರಡು ಬಿಡಿ ಬೆಲೆಗಳನ್ನು ಗುಣಿಸಿದರೆ ಜೋಡಿಯ ಬೆಲೆ ಸಿಗುವುದಿಲ್ಲ, ಕಾರಣ ಮತ್ತೆ ಅದೇ ನಂಟು. ಆ ವರ್ಷ ನಿಜವಾದದ್ದು ಈ ಜೋಡಿಯೇ: ಕೆಳಮನೆಯಲ್ಲಿ ರಿಪಬ್ಲಿಕನ್ನರು 222 ಸ್ಥಾನ ಗೆದ್ದರು. ಸೆನೆಟ್ ಯಾರದು ಎಂಬ ಪ್ರಶ್ನೆ ನೆವಾಡಾದೊಂದಿಗೆ ಮುಗಿದರೂ ಎಷ್ಟು ಸ್ಥಾನ ಎಂಬ ಪ್ರಶ್ನೆ ಮುಗಿದಿರಲಿಲ್ಲ. ಜಾರ್ಜಿಯಾದಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ರಫೇಲ್ ವಾರ್ನಾಕ್ ಅವರಿಗಾಗಲಿ ರಿಪಬ್ಲಿಕನ್ ಅಭ್ಯರ್ಥಿ ಹರ್ಷಲ್ ವಾಕರ್ ಅವರಿಗಾಗಲಿ ಅರ್ಧಕ್ಕಿಂತ ಹೆಚ್ಚು ಮತ ಬಾರದೆ ಡಿಸೆಂಬರ್ 6ರಂದು ಮರುಸ್ಪರ್ಧೆ ನಡೆದು, ವಾರ್ನಾಕ್ ಗೆದ್ದು, ಡೆಮಾಕ್ರಟರ ಲೆಕ್ಕ ಐವತ್ತೊಂದಕ್ಕೆ ಮುಟ್ಟಿತು. ಆ ಐವತ್ತೊಂದರಲ್ಲಿ ಬರ್ನಿ ಸ್ಯಾಂಡರ್ಸ್ ಮತ್ತು ಆಂಗಸ್ ಕಿಂಗ್ ಎಂಬ ಇಬ್ಬರು ಪಕ್ಷೇತರರು ಸೇರಿದ್ದರು. ಮೂರೇ ದಿನದ ಬಳಿಕ, ಡಿಸೆಂಬರ್ 9ರಂದು, ಅರಿಝೋನಾದ ಸೆನೆಟರ್ ಕಿರ್ಸ್ಟನ್ ಸಿನೆಮಾ ತಾವೂ ಡೆಮಾಕ್ರಟಿಕ್ ಪಕ್ಷ ಬಿಟ್ಟು ಪಕ್ಷೇತರರಾಗುವುದಾಗಿ ಘೋಷಿಸಿದರು. 'ಡೆಮಾಕ್ರಟರು' ಎಂದರೆ ಯಾರು, ಯಾವ ದಿನಾಂಕಕ್ಕೆ ಎಣಿಸಬೇಕು, ಜೊತೆಗೆ ಕೂರುವ ಪಕ್ಷೇತರರನ್ನು ಸೇರಿಸಬೇಕೇ ಎಂದು ಕರಾರಿನ ಸಣ್ಣ ಅಕ್ಷರಗಳಲ್ಲಿ ಮೊದಲೇ ಬರೆದಿಟ್ಟಿದ್ದವರು ಆ ದಿನ ನಿಶ್ಚಿಂತೆಯಿಂದಿದ್ದರು.